ಎನ್‌ವಿವೊದಲ್ಲಿ ಕೇಸ್ ಕ್ಲಾಸಿಫಿಕೇಶನ್: ಸಂದರ್ಶನದ ಮಾತನ್ನು ಮಾತಾಡಿದವರ ವಿವರಕ್ಕೆ ಜೋಡಿಸುವ ಸಮಗ್ರ ಮಾರ್ಗದರ್ಶಿ

ಸಂದರ್ಶನಗಳನ್ನೆಲ್ಲ ಕೋಡ್ ಮಾಡಿ, ಅಂದರೆ ಮಾತಿನ ತುಣುಕುಗಳಿಗೆ ವಿಷಯದ ಗುರುತು ಹಚ್ಚಿ ಮುಗಿಸಿದ ಸಂಶೋಧನಾ ವಿದ್ಯಾರ್ಥಿಗೆ ಮಾರ್ಗದರ್ಶಕರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ: ‘ಹೀಗೆ ಹೇಳಿದವರು ಯಾರು?’ ಆಶಾ ಕಾರ್ಯಕರ್ತೆಯರನ್ನು ಮಾತಾಡಿಸಿದ್ದೀರಿ ಎನ್ನಿ. ಪ್ರೋತ್ಸಾಹಧನ ತಡವಾಗಿ ಬರುತ್ತದೆ ಎಂದು ಬೇಸರಪಟ್ಟವರು ಕೆಲಸಕ್ಕೆ ಹೊಸಬರೋ ಹಳಬರೋ? ರಾತ್ರಿ ಹೆರಿಗೆಗೆ ಕರೆ ಬಂದಾಗ ಮನೆಯವರು ಬೈಯುತ್ತಾರೆ ಎಂದವರು ರಾಯಚೂರಿನ ಕಡೆಯವರೋ ಉಡುಪಿಯ ಕಡೆಯವರೋ? ಏನು ಹೇಳಿದರು ಎಂಬುದನ್ನು ಕೋಡ್‌ಗಳು ಹಿಡಿದಿಟ್ಟಿರುತ್ತವೆ. ಯಾರು ಹೇಳಿದರು ಎಂಬುದನ್ನು ಹಿಡಿದಿಡಲು, ಸಂದರ್ಶನದಂಥ ಗುಣಾತ್ಮಕ ಮಾಹಿತಿಯನ್ನು ವಿಶ್ಲೇಷಿಸುವ ತಂತ್ರಾಂಶವಾದ ಎನ್‌ವಿವೊದಲ್ಲಿ ಇರುವ ಏರ್ಪಾಡೇ ಕೇಸ್ ಕ್ಲಾಸಿಫಿಕೇಶನ್. ಇದನ್ನು ಕೊನೆಗೆ ಮಾಡಿಕೊಂಡರಾಯಿತು ಎಂದು ಹಲವರು ಮುಂದೂಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಮೊದಲ ಸಂದರ್ಶನಕ್ಕೆ ಹೊರಡುವ ಮುನ್ನವೇ ಕಾಗದದ ಮೇಲೆ ಸಿದ್ಧವಾಗಿರಬೇಕು. ಕೊನೆಯಲ್ಲಿ ಯಾವ ಹೋಲಿಕೆ ಮಾಡಬೇಕೆಂದಿದ್ದೀರೋ ಅದರಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದರೆ ಮಾತ್ರ ಈ ಏರ್ಪಾಡು ಕೆಲಸಕ್ಕೆ ಬರುತ್ತದೆ.

ವಿವರಣೆಗೆ ಒಂದು ಕಾಲ್ಪನಿಕ ಅಧ್ಯಯನ ಇಟ್ಟುಕೊಳ್ಳೋಣ. ರಾಯಚೂರು ಮತ್ತು ಉಡುಪಿ ಜಿಲ್ಲೆಗಳಲ್ಲಿ ತಲಾ 12 ಆಶಾ ಕಾರ್ಯಕರ್ತೆಯರ ಸಂದರ್ಶನ, ಜಿಲ್ಲೆಗೊಂದರಂತೆ ಎರಡು ಗುಂಪು ಚರ್ಚೆ. ಎಲ್ಲವೂ ಕನ್ನಡದಲ್ಲೇ ನಡೆದು, ಕನ್ನಡದಲ್ಲೇ ಟೈಪ್ ಆಗಿವೆ. ಕೆಳಗಿನ ಹಂತಗಳು ವಿಂಡೋಸ್‌ನಲ್ಲಿ ನಡೆಯುವ ಎನ್‌ವಿವೊದ 14 ಮತ್ತು 15ನೇ ಆವೃತ್ತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಿಮ್ಮ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಹಳೆಯ 12 ಇದ್ದರೂ ತತ್ತ್ವ ಅದೇ, ಬಟನ್‌ಗಳ ಜಾಗ ಮಾತ್ರ ಸ್ವಲ್ಪ ಆಚೀಚೆ. 10ನೇ ಆವೃತ್ತಿಯ ಕಾಲದ ಪಾಠಗಳನ್ನು ಓದುತ್ತಿದ್ದರೆ ಅಲ್ಲಿ ಇದೇ ಸಂಗತಿಗೆ ‘ನೋಡ್ ಕ್ಲಾಸಿಫಿಕೇಶನ್’ ಎಂಬ ಹೆಸರಿರುತ್ತದೆ, ಗಾಬರಿಯಾಗಬೇಡಿ.

ಯಾವುದು ಏನು

ಫೈಲ್ ಎಂದರೆ ನೀವು ಒಳಗೆ ತಂದ ಟ್ರಾನ್ಸ್‌ಕ್ರಿಪ್ಟ್ (ಮಾತನ್ನು ಟೈಪ್ ಮಾಡಿದ ಪಠ್ಯ), ಆಡಿಯೊ ಅಥವಾ ಫೋಟೊ. ಕೋಡ್ ಎಂದರೆ ವಿಷಯ: ‘ಪ್ರೋತ್ಸಾಹಧನ ತಡ’, ‘ರಾತ್ರಿ ಕರೆ’, ‘ಮೊಬೈಲ್ ದಾಖಲೆಯ ಹೊರೆ’. ಕೇಸ್ ಎಂದರೆ ನೀವು ಹೋಲಿಸಬೇಕೆಂದಿರುವ ಘಟಕ. ನಮ್ಮ ಅಧ್ಯಯನದಲ್ಲಿ ಒಬ್ಬೊಬ್ಬ ಆಶಾ ಕಾರ್ಯಕರ್ತೆ ಒಂದೊಂದು ಕೇಸ್. ಕ್ಲಾಸಿಫಿಕೇಶನ್ ಎಂದರೆ ಆ ಕೇಸ್ ಯಾವ ಬಗೆಯದು ಎಂಬುದು: ಕಾರ್ಯಕರ್ತೆಯೋ, ಆರೋಗ್ಯ ಕೇಂದ್ರವೋ, ಹಳ್ಳಿಯೋ. ಆಟ್ರಿಬ್ಯೂಟ್ ಎಂದರೆ ಆ ಬಗೆಯ ಬಗ್ಗೆ ನಿಮಗೆ ಬೇಕಾದ ವಿವರದ ಶೀರ್ಷಿಕೆ, ಅಂದರೆ ವಯೋಮಾನ, ಜಿಲ್ಲೆ, ಸೇವೆಯ ಅವಧಿ. ವ್ಯಾಲ್ಯೂ ಎಂದರೆ ಆ ಶೀರ್ಷಿಕೆಯ ಕೆಳಗೆ ಬರುವ ಉತ್ತರ. ಅಂಗನವಾಡಿಯ ದಾಖಲೆ ಪುಸ್ತಕದಲ್ಲಿ ಸಾಲಿಗೊಂದು ಮಗು, ಕಾಲಂಗೊಂದು ವಿವರ ಇರುತ್ತದಲ್ಲ, ಕ್ಲಾಸಿಫಿಕೇಶನ್ ಶೀಟ್ ತೆರೆದರೆ ಕಾಣುವುದೂ ಹಾಗೆಯೇ.

ಇಲ್ಲಿ ಗಟ್ಟಿಯಾಗಿ ನೆನಪಿಡಬೇಕಾದ ನಿಯಮ: ಒಂದು ಕೇಸ್‌ಗೆ ಒಂದೇ ಕ್ಲಾಸಿಫಿಕೇಶನ್. ಒಬ್ಬಾಕೆಯನ್ನು ‘ಆಶಾ ಕಾರ್ಯಕರ್ತೆ’ ಎಂದೂ ‘ತಾಯಿ’ ಎಂದೂ ಎರಡು ಬಗೆಗೆ ಸೇರಿಸಲಾಗದು. ಎರಡೂ ಗುರುತು ಬೇಕಿದ್ದರೆ ಒಂದನ್ನು ಆಟ್ರಿಬ್ಯೂಟ್ ಆಗಿ ಇಳಿಸಬೇಕು.

ಹಂತ 1: ಕೇಸ್ ಯಾವುದು ಎಂದು ತೀರ್ಮಾನಿಸಿ

ಇದಕ್ಕೆ ಕಂಪ್ಯೂಟರ್ ಬೇಡ. ನಿಮ್ಮ ಸಂಶೋಧನಾ ಪ್ರಶ್ನೆಯನ್ನು ಬರೆದು, ಅದರಲ್ಲಿ ಯಾರನ್ನು ಯಾರ ಜೊತೆ ಹೋಲಿಸುತ್ತಿದ್ದೀರಿ ಎಂದು ಗೆರೆ ಎಳೆಯಿರಿ. ‘ಅನುಭವಿ ಕಾರ್ಯಕರ್ತೆಯರು ಮೊಬೈಲ್ ದಾಖಲೆಯ ಬಗ್ಗೆ ಹೊಸಬರಿಗಿಂತ ಬೇರೆಯಾಗಿ ಮಾತಾಡುತ್ತಾರೆಯೇ?’ ಎಂಬುದು ಪ್ರಶ್ನೆಯಾದರೆ ವ್ಯಕ್ತಿಯೇ ಕೇಸ್. ‘ಆರೋಗ್ಯ ಕೇಂದ್ರದಿಂದ ಕೇಂದ್ರಕ್ಕೆ ಬೆಂಬಲ ಹೇಗೆ ಬದಲಾಗುತ್ತದೆ?’ ಎಂಬುದಾದರೆ ಪ್ರಾಥಮಿಕ ಆರೋಗ್ಯ ಕೇಂದ್ರವೇ ಕೇಸ್. ಆ ಕೇಂದ್ರದ ವೈದ್ಯಾಧಿಕಾರಿ, ನರ್ಸ್, ಆಶಾ ಎಲ್ಲರ ಮಾತೂ ಅದೇ ಒಂದು ಕೇಸ್‌ನೊಳಗೆ ಸೇರುತ್ತದೆ.

ಎರಡೂ ಬೇಕು ಎನ್ನುವವರು ಕೇಂದ್ರವನ್ನು ಮೇಲಿನ ಕೇಸ್ ಮಾಡಿ, ಅದರ ಕೆಳಗೆ ವ್ಯಕ್ತಿಗಳನ್ನು ಮರಿ ಕೇಸ್‌ಗಳಾಗಿ ಇಡಬಹುದು. ಆದರೆ ಮೇಲಿನ ಕೇಸ್‌ಗೆ ಕೊಟ್ಟ ವಿವರ ಕೆಳಗಿನದಕ್ಕೆ ತಾನಾಗಿ ಇಳಿದು ಬರುವುದಿಲ್ಲ. ಕೇಂದ್ರಕ್ಕೆ ‘ದೇವದುರ್ಗ ತಾಲ್ಲೂಕು’ ಎಂದು ಕೊಟ್ಟರೆ ಅದರ ಕೆಳಗಿರುವ ಕಾರ್ಯಕರ್ತೆಗೆ ತಾಲ್ಲೂಕು ಖಾಲಿಯೇ ಇರುತ್ತದೆ. ವ್ಯಕ್ತಿಗಳನ್ನು ತಾಲ್ಲೂಕಿನ ಪ್ರಕಾರ ಹೋಲಿಸಬೇಕೆಂದಿದ್ದರೆ ಆ ವಿವರವನ್ನು ವ್ಯಕ್ತಿಯ ಸಾಲಿನಲ್ಲೂ ಮತ್ತೆ ಬರೆಯಬೇಕು. ಮೊದಲ ಯೋಜನೆಯನ್ನು ಮಾಡುತ್ತಿರುವವರಿಗೆ ಒಂದೇ ಮಟ್ಟದ ಕೇಸ್‌ಗಳೇ ಸಾಕು ಎಂಬುದು ನನ್ನ ಸಲಹೆ.

ಹಂತ 2: ಆಟ್ರಿಬ್ಯೂಟ್‌ಗಳ ಪಟ್ಟಿ, ಅದೂ ಚಿಕ್ಕದು

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಪಟ್ಟಿಗೆ ಸೇರಿಸುವ ಪ್ರತಿ ಆಟ್ರಿಬ್ಯೂಟ್‌ಗೂ ಒಂದು ಪರೀಕ್ಷೆ: ‘ಇದರ ಪ್ರಕಾರ ಹೋಲಿಸಿ ನಾನು ಪ್ರಬಂಧದಲ್ಲಿ ಒಂದು ಪ್ಯಾರಾ ಬರೆಯುತ್ತೇನೆಯೇ?’ ಇಲ್ಲ ಎಂದಾದರೆ ಆ ವಿವರ ನಿಮ್ಮ ಎಕ್ಸೆಲ್‌ನಲ್ಲೇ ಇರಲಿ, ಎನ್‌ವಿವೊಗೆ ಬರುವುದು ಬೇಡ. 24 ಜನರ ಅಧ್ಯಯನಕ್ಕೆ ಐದಾರು ಆಟ್ರಿಬ್ಯೂಟ್ ಧಾರಾಳ.

ಎರಡನೇ ಪರೀಕ್ಷೆ: ಆ ಸಂಗತಿ ಮಾತಿನಿಂದ ಹೊರಗೆ ಗೊತ್ತಿರುವಂಥದೇ? ವಯಸ್ಸು, ಓದು, ಸೇವಾವಧಿ ಇವು ಸಂದರ್ಶನ ನಡೆಯದಿದ್ದರೂ ನಿಜ. ‘ಕೆಲಸದ ತೃಪ್ತಿ: ಹೆಚ್ಚು/ಕಡಿಮೆ’ ಎಂಬುದು ನೀವು ಆಕೆಯ ಮಾತನ್ನು ಕೇಳಿ ಕಟ್ಟಿಕೊಂಡ ತೀರ್ಮಾನ. ಅದು ಕೋಡ್ ಆಗಬೇಕು. ತೀರ್ಮಾನವನ್ನು ಆಟ್ರಿಬ್ಯೂಟ್ ಮಾಡಿಕೊಂಡರೆ, ನೀವೇ ಹೊರಗಿನಿಂದ ಹಾಕಿದ್ದು ಆಮೇಲೆ ಮಾತಿನಿಂದಲೇ ಹೊಮ್ಮಿದ ವಿನ್ಯಾಸದಂತೆ ಕಾಣಿಸಿಕೊಳ್ಳುತ್ತದೆ.

ಸಂದರ್ಶನದ ದಿನಾಂಕ, ಸಂದರ್ಶಕಿ ಯಾರು, ಮನೆಯಲ್ಲೋ ಆರೋಗ್ಯ ಕೇಂದ್ರದಲ್ಲೋ, ಎಷ್ಟು ನಿಮಿಷ: ಇವು ವ್ಯಕ್ತಿಯ ಗುಣಗಳಲ್ಲ, ಆ ಫೈಲಿನ ಗುಣಗಳು. ಇವಕ್ಕೆ ‘ಫೈಲ್ ಕ್ಲಾಸಿಫಿಕೇಶನ್’ ಎಂಬ ಬೇರೆ ಜಾಗ ಇದೆ. ಒಬ್ಬಾಕೆಯನ್ನು ತರಬೇತಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮಾತಾಡಿಸಿದ್ದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಎರಡೂ ಫೈಲುಗಳು ಒಂದೇ ಕೇಸ್‌ಗೆ ಸೇರುತ್ತವೆ. ‘ಮುಂಚೆ/ನಂತರ’ ಎಂಬುದು ಫೈಲಿಗೆ ಹೋಗುತ್ತದೆ. ನಡುವೆ ಬದಲಾಗುವ ವಿವರ, ಉದಾಹರಣೆಗೆ ಆ ಅವಧಿಯಲ್ಲಿ ಆಕೆ ಆಶಾ ಮೆಂಟರ್ ಆದದ್ದು, ಒಂದೇ ಕೇಸ್‌ನ ಒಂದೇ ಚೌಕದಲ್ಲಿ ಕೂರುವುದಿಲ್ಲ. ಅಂಥ ಅಧ್ಯಯನದಲ್ಲಿ ವ್ಯಕ್ತಿಯ ಕೆಳಗೆ ಸುತ್ತಿಗೊಂದು ಮರಿ ಕೇಸ್ ಮಾಡಬೇಕಾಗುತ್ತದೆ.

ಇನ್ನು ವ್ಯಾಲ್ಯೂಗಳು. ನಮ್ಮ ನಾಡಿನ ಅಧ್ಯಯನಗಳಲ್ಲಿ ತೊಡಕು ಬರುವುದು ಬಹುಪಾಲು ಇಲ್ಲೇ.

ಜಿಲ್ಲೆಯ ಹೆಸರನ್ನೇ ನೋಡಿ. 2014ರ ನವೆಂಬರ್ 1ರಿಂದ ಬೆಳಗಾವಿ, ಕಲಬುರಗಿ, ಬಳ್ಳಾರಿ ಮುಂತಾದ ಊರುಗಳ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾಯಿತು. ಹಳೆಯ ದಾಖಲೆಯಿಂದ ನಕಲು ಮಾಡಿದ ಸಾಲಿನಲ್ಲಿ ‘ಗುಲ್ಬರ್ಗಾ’, ಹೊಸದರಲ್ಲಿ ‘ಕಲಬುರಗಿ’ ಇದ್ದರೆ ಎನ್‌ವಿವೊಗೆ ಅವು ಎರಡು ಜಿಲ್ಲೆಗಳು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆಯ ಕಾರ್ಯಕರ್ತೆಯನ್ನು 2019ರಲ್ಲಿ ಮಾತಾಡಿಸಿದ್ದರೆ ಆಕೆಯ ಜಿಲ್ಲೆ ಯಾವುದೆಂದು ನೀವು ಮೊದಲೇ ಒಂದು ನಿಯಮ ಮಾಡಿಕೊಂಡು, ಅದನ್ನು ಆಟ್ರಿಬ್ಯೂಟ್‌ನ ‘ಡಿಸ್ಕ್ರಿಪ್ಶನ್’ ಚೌಕದಲ್ಲಿ ಬರೆದಿಡಬೇಕು.

ತಾಲ್ಲೂಕಿನ ಹಿಂದುಳಿದಿರುವಿಕೆಯ ಪ್ರಕಾರ ಹೋಲಿಸುವುದು ನಮ್ಮಲ್ಲಿ ರೂಢಿ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದ, 40 ತಾಲ್ಲೂಕುಗಳನ್ನು ಅತಿ ಹಿಂದುಳಿದ, 35 ತಾಲ್ಲೂಕುಗಳನ್ನು ಹಿಂದುಳಿದ ತಾಲ್ಲೂಕು ಎಂದು ಗುರುತಿಸಿತು. ಇದು ಒಳ್ಳೆಯ ಆಟ್ರಿಬ್ಯೂಟ್: ಹೊರಗಿನ ಆಧಾರವಿದೆ, ನಾಲ್ಕೇ ವ್ಯಾಲ್ಯೂ ಸಾಕು. ಆದರೆ ಸಮಿತಿ ನೋಡಿದ್ದು ಆಗಿದ್ದ 175 ತಾಲ್ಲೂಕುಗಳನ್ನು. ಆಮೇಲೆ ಹುಟ್ಟಿದ ಬೈಂದೂರಿಗೆ ಅದರ ಮೂಲವಾದ ಕುಂದಾಪುರದ ದರ್ಜೆಯನ್ನೇ ಕೊಡಬಹುದು. ಒಂದಕ್ಕಿಂತ ಹೆಚ್ಚು ಹಳೆಯ ತಾಲ್ಲೂಕುಗಳ ಹಳ್ಳಿಗಳು ಸೇರಿ ಆದ ಹೊಸ ತಾಲ್ಲೂಕು ಸಿಕ್ಕರೆ ಹಳ್ಳಿ ಹಿಂದೆ ಎಲ್ಲಿತ್ತು ಎಂದು ನೋಡಿಯೇ ದರ್ಜೆ ಕೊಡಬೇಕು.

ವಯಸ್ಸನ್ನು 34, 37, 41 ಎಂದು ಅಂಕಿಯಾಗಿ ಹಾಕಿದರೆ ಕೊನೆಯ ಕೋಷ್ಟಕದಲ್ಲಿ ವಯಸ್ಸಿಗೊಂದು ಕಾಲಂ ಬಂದು, ಒಂದೊಂದರಲ್ಲೂ ಒಬ್ಬೊಬ್ಬರೇ ನಿಲ್ಲುತ್ತಾರೆ. ಆದ್ದರಿಂದ ನಿಖರ ವಯಸ್ಸು ನಿಮ್ಮ ಎಕ್ಸೆಲ್‌ನಲ್ಲಿರಲಿ, ಎನ್‌ವಿವೊಗೆ ‘35ಕ್ಕಿಂತ ಕಡಿಮೆ’, ‘35 ಮತ್ತು ಮೇಲೆ’ ಎಂಬ ಗುಂಪು ಬರಲಿ. ಸೇವೆಗೂ ಹಾಗೆಯೇ. ಆಶಾ ಯೋಜನೆ ಬಂದದ್ದು 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ; ಮೊದಲ ಸುತ್ತಿನಲ್ಲಿ ಸೇರಿದವರನ್ನೂ ಸ್ಮಾರ್ಟ್‌ಫೋನ್ ಕೆಲಸದ ಭಾಗವಾದ ಮೇಲೆ ಸೇರಿದವರನ್ನೂ ಬೇರ್ಪಡಿಸುವ ಗೆರೆ, ಸುಮ್ಮನೆ ಐದೈದು ವರ್ಷಕ್ಕೆ ಕತ್ತರಿಸುವುದಕ್ಕಿಂತ ಹೆಚ್ಚು ಅರ್ಥ ಕೊಡುತ್ತದೆ.

‘ಗೊತ್ತಿಲ್ಲ’ಕ್ಕೂ ನಾಲ್ಕು ಮುಖಗಳಿವೆ. ಎನ್‌ವಿವೊ ಪ್ರತಿ ಆಟ್ರಿಬ್ಯೂಟ್‌ಗೂ ‘ಅನ್‌ಅಸೈನ್ಡ್’ ಮತ್ತು ‘ನಾಟ್ ಅಪ್ಲಿಕಬಲ್’ ಎಂಬ ಎರಡು ವ್ಯಾಲ್ಯೂಗಳನ್ನು ತಾನೇ ಇಟ್ಟಿರುತ್ತದೆ. ಮೊದಲನೆಯದನ್ನು ‘ಇನ್ನೂ ತುಂಬಿಲ್ಲ’ ಎಂಬುದಕ್ಕೆ ಮಾತ್ರ ಬಿಡಿ. ಮದುವೆಯಾಗದವರಿಗೆ ಗಂಡನ ಉದ್ಯೋಗ ಅನ್ವಯಿಸುವುದಿಲ್ಲ, ಅದು ಎರಡನೆಯದು. ಕೇಳಿದೆವು, ಆಕೆಗೇ ಗೊತ್ತಿರಲಿಲ್ಲ ಎಂದಾದರೆ ‘ತಿಳಿಯದು’. ಕೇಳಿದೆವು, ಹೇಳಲು ಇಷ್ಟಪಡಲಿಲ್ಲ ಎಂದಾದರೆ ‘ಹೇಳಲಿಲ್ಲ’. ಕೊನೆಯ ಎರಡನ್ನು ನೀವೇ ಸೇರಿಸಬೇಕು. ಆದಾಯ, ಜಾತಿ ಇಂಥ ಪ್ರಶ್ನೆಗಳಲ್ಲಿ ‘ಹೇಳಲಿಲ್ಲ’ ಎಂಬುದೇ ಒಂದು ಮುಖ್ಯ ಸಂಗತಿ, ಅದನ್ನು ಖಾಲಿ ಚೌಕದಲ್ಲಿ ಕಳೆದುಕೊಳ್ಳಬಾರದು.

ಜಾತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಪ.ಜಾ., ಪ.ಪಂ., ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಸಾಮಾನ್ಯ ಎಂದು ಮೀಸಲಾತಿಯ ಪಟ್ಟಿಯಂತೆಯೇ ಇಟ್ಟರೆ 24 ಜನರಲ್ಲಿ ಕೆಲವು ಪ್ರವರ್ಗಕ್ಕೆ ಒಬ್ಬರೇ ಬರುತ್ತಾರೆ. ಗ್ರಾಮೀಣ ಪ್ರದೇಶದಲ್ಲಿ ಸುಮಾರು 1,000 ಜನಸಂಖ್ಯೆಗೆ ಒಬ್ಬ ಆಶಾ ಎಂಬುದು ನಿಯಮ. ಹಳ್ಳಿಯ ಹೆಸರು ಬರೆದರೆ ಅಲ್ಲಿಗೇ ಆಕೆಯ ಗುರುತು ಬಯಲಾಯಿತು. ಹಳ್ಳಿ ಬಿಟ್ಟು ತಾಲ್ಲೂಕು, ವಯಸ್ಸು, ಪ್ರವರ್ಗ, ವಿಧವೆ ಎಂಬ ನಾಲ್ಕು ಚೌಕ ಸೇರಿಸಿದರೂ ಆರೋಗ್ಯ ಕೇಂದ್ರದವರಿಗೆ ಯಾರೆಂದು ತಿಳಿದುಬಿಡುತ್ತದೆ. ಪ್ರೋತ್ಸಾಹಧನದ ಬಗ್ಗೆ ದೂರಿದ ಹೆಣ್ಣುಮಗಳಿಗೆ ಇದರಿಂದ ತೊಂದರೆಯಾಗಬಹುದು ಎಂಬುದನ್ನು ಒಂದು ಕ್ಷಣವೂ ಮರೆಯಬಾರದು. ಹೆಸರು, ಫೋನ್ ನಂಬರ್, ಹಳ್ಳಿ ಇವು ಎನ್‌ವಿವೊ ಪ್ರಾಜೆಕ್ಟಿನ ಒಳಗೆ ಇರಕೂಡದು. ಸಂಕೇತಕ್ಕೂ ಹೆಸರಿಗೂ ಇರುವ ನಂಟು ಬೇರೆ ಕಡತದಲ್ಲಿ, ಪಾಸ್‌ವರ್ಡ್ ಹಾಕಿ, ಬೇರೆ ಕಡೆ ಇರಲಿ.

ಹಂತ 3: ಎಕ್ಸೆಲ್ ಶೀಟ್

ಎನ್‌ವಿವೊದಲ್ಲಿ ಒಂದೊಂದೇ ಚೌಕ ತುಂಬುತ್ತಾ ಕೂರಬಹುದು, ಹತ್ತು ಜನರಿಗೆ ಅದು ನಡೆದೀತು. ಅದಕ್ಕಿಂತ ಹೆಚ್ಚಿದ್ದರೆ ಎಕ್ಸೆಲ್‌ನಲ್ಲಿ ತುಂಬಿ ಒಮ್ಮೆಗೆ ಒಳಗೆ ತರುವುದೇ ಜಾಣತನ. ಮೊದಲ ಸಾಲಿನಲ್ಲಿ ಆಟ್ರಿಬ್ಯೂಟ್ ಹೆಸರುಗಳು, ಮೊದಲ ಕಾಲಂನಲ್ಲಿ ಕೇಸ್ ಹೆಸರುಗಳು, ಎಡ ತುದಿಯ ಮೊದಲ ಚೌಕದಲ್ಲಿ ಕ್ಲಾಸಿಫಿಕೇಶನ್‌ನ ಹೆಸರು. ಹೀಗೆ:

| ಆಶಾ ಕಾರ್ಯಕರ್ತೆ | ಜಿಲ್ಲೆ | ವಯೋಮಾನ | ಓದು | ಸೇವೆ |
|---|---|---|---|---|
| ರಾಯ-01 | ರಾಯಚೂರು | 35 ಮತ್ತು ಮೇಲೆ | 8 ರಿಂದ 10 | ಮೊದಲ ಸುತ್ತು |
| ರಾಯ-02 | ರಾಯಚೂರು | 35ಕ್ಕಿಂತ ಕಡಿಮೆ | ಪಿಯುಸಿ | ಹೊಸಬರು |
| ಉಡು-01 | ಉಡುಪಿ | 35 ಮತ್ತು ಮೇಲೆ | ಹೇಳಲಿಲ್ಲ | ಮೊದಲ ಸುತ್ತು |

ಓದಿನ ಕಾಲಂನಲ್ಲಿ ‘8-10’ ಎಂದು ಬರೆಯದೆ ‘8 ರಿಂದ 10’ ಎಂದು ಬರೆದದ್ದಕ್ಕೆ ಕಾರಣವಿದೆ. ಅಡ್ಡಗೆರೆ ಹಾಕಿದರೆ ಎಕ್ಸೆಲ್ ಅದನ್ನು ದಿನಾಂಕ ಎಂದು ತಿಳಿದು ಅಕ್ಟೋಬರ್ ಅಥವಾ ಆಗಸ್ಟ್ ತಿಂಗಳನ್ನು ತಂದು ಕೂರಿಸುತ್ತದೆ. ಅಂಥ ಕಾಲಂಗಳನ್ನು ಮೊದಲೇ ‘ಟೆಕ್ಸ್ಟ್’ ಎಂದು ಫಾರ್ಮ್ಯಾಟ್ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು.

ಕನ್ನಡದಲ್ಲಿ ತುಂಬುವವರಿಗೆ ಇನ್ನೊಂದು ಎಚ್ಚರಿಕೆ. ನಮ್ಮ ಲಿಪಿಯಲ್ಲಿ ಕಣ್ಣಿಗೆ ಕಾಣದ ಜೋಡಕ ಅಕ್ಷರಗಳಿವೆ. ಒತ್ತಕ್ಷರ ಮೂಡದಂತೆ ತಡೆಯಲು ಕೀಬೋರ್ಡ್‌ಗಳು ಅವನ್ನು ಸೇರಿಸುತ್ತವೆ. ‘ಎಸ್‌ಎಸ್‌ಎಲ್‌ಸಿ’ ಎಂಬುದನ್ನು ಇಬ್ಬರು ಟೈಪ್ ಮಾಡಿದರೆ ಪರದೆಯ ಮೇಲೆ ಒಂದೇ ತರಹ ಕಂಡರೂ ಒಳಗೆ ಎರಡು ಬೇರೆ ಪದಗಳಾಗಿರಬಹುದು, ಆಗ ಎರಡು ವ್ಯಾಲ್ಯೂ ಹುಟ್ಟುತ್ತವೆ. ಎಕ್ಸೆಲ್‌ನ ‘ಟ್ರಿಮ್’ ಸೂತ್ರ ಕೊನೆಯ ಖಾಲಿ ಜಾಗವನ್ನು ತೆಗೆಯುತ್ತದೆ, ಈ ಅಡಗಿದ ಅಕ್ಷರಗಳನ್ನು ತೆಗೆಯುವುದಿಲ್ಲ. ಪರಿಹಾರ ಸುಲಭ: ಯಾರೂ ಟೈಪ್ ಮಾಡುವುದೇ ಬೇಡ. ‘ಡೇಟಾ ವ್ಯಾಲಿಡೇಶನ್’ ಬಳಸಿ ಪ್ರತಿ ಕಾಲಂಗೂ ಆಯ್ಕೆಯ ಪಟ್ಟಿ ಕೊಡಿ, ಎಲ್ಲರೂ ಅದರಿಂದಲೇ ಆರಿಸಲಿ. ಅಂಕಿಗಳಲ್ಲೂ ಅಷ್ಟೇ, ‘೩೫’ ಮತ್ತು ‘35’ ಬೆರೆಯದಂತೆ ಒಂದೇ ಪದ್ಧತಿ ಹಿಡಿಯಿರಿ.

ಹಂತ 4: ಫೈಲುಗಳನ್ನು ತಂದು ಕೇಸ್ ಮಾಡುವುದು

ಟ್ರಾನ್ಸ್‌ಕ್ರಿಪ್ಟ್‌ಗಳು ಯುನಿಕೋಡ್ ಕನ್ನಡದಲ್ಲಿವೆಯೇ ನೋಡಿಕೊಳ್ಳಿ. ನುಡಿ ಅಥವಾ ಬರಹದ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಪಠ್ಯ ಒಳಗೆ ಹೋದ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ, ಹುಡುಕಾಟವೂ ನಡೆಯದು. ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಒಮ್ಮೆ ಓದಿ, ಆಮೇಲೆ ತನ್ನಿ. ಕೋಡಿಂಗ್ ಶುರುವಾದ ಮೇಲೆ ಫೈಲು ಬದಲಿಸಿದರೆ ಮಾಡಿದ ಕೆಲಸವೆಲ್ಲ ನಷ್ಟ.

ಫೈಲಿನ ಹೆಸರನ್ನು ‘ರಾಯ-01’ ಎಂದೇ ಇಡಿ. ‘ರಾಯಚೂರು ಸಂದರ್ಶನ ಹೊಸದು ಫೈನಲ್’ ಎಂದಲ್ಲ. ಕೇಸ್ ತನ್ನ ಹೆಸರನ್ನು ಫೈಲಿನಿಂದಲೇ ಪಡೆಯುತ್ತದೆ, ಎಕ್ಸೆಲ್ ಶೀಟ್ ಆ ಹೆಸರಿನ ಮೂಲಕವೇ ಕೇಸನ್ನು ಹುಡುಕುತ್ತದೆ. ಮೂರೂ ಕಡೆ ಅಕ್ಷರಕ್ಷರ ಒಂದೇ ಇರಬೇಕು.

ಈಗ ‘ಫೈಲ್ಸ್’ ಪಟ್ಟಿಯಲ್ಲಿ 24 ಸಂದರ್ಶನಗಳನ್ನೂ ಆರಿಸಿ, ರೈಟ್ ಕ್ಲಿಕ್ ಮಾಡಿ ‘ಕ್ರಿಯೇಟ್ ಆ್ಯಸ್’ ಒಳಗೆ ‘ಕ್ರಿಯೇಟ್ ಆ್ಯಸ್ ಕೇಸಸ್’ ಒತ್ತಿ. ಎಲ್ಲಿ ಇಡಬೇಕೆಂದು ಕೇಳಿದಾಗ ‘ಕೇಸಸ್’ ಫೋಲ್ಡರ್ ತೋರಿಸಿ. ಪ್ರತಿ ಫೈಲಿಗೂ ಒಂದು ಕೇಸ್ ಹುಟ್ಟಿ, ಆ ಫೈಲಿನ ಇಡೀ ಪಠ್ಯ ಅದಕ್ಕೆ ಕೋಡ್ ಆಗಿರುತ್ತದೆ. ನಿಮ್ಮ ಪ್ರಶ್ನೆಗಳೂ ಅದರಲ್ಲಿ ಸೇರಿರುತ್ತವೆ. ಕೋಡ್‌ಗಳ ಹೋಲಿಕೆಗೆ ಇದರಿಂದ ಬಾಧೆಯಿಲ್ಲ, ಪದಗಳನ್ನು ಎಣಿಸುವ ಕ್ವೆರಿಗೆ (ತಂತ್ರಾಂಶಕ್ಕೆ ಹಾಕುವ ಹುಡುಕಾಟದ ಪ್ರಶ್ನೆಗೆ) ಬಾಧೆಯಿದೆ.

ಗುಂಪು ಚರ್ಚೆಯನ್ನು ಹೀಗೆ ಮಾಡಬಾರದು. ಎಂಟು ಜನರ ಮಾತು ಒಂದೇ ಕೇಸ್ ಆಗಿಬಿಡುತ್ತದೆ. ಟ್ರಾನ್ಸ್‌ಕ್ರಿಪ್ಟ್ ಟೈಪ್ ಮಾಡುವಾಗಲೇ ಪ್ರತಿ ಮಾತಿನ ಆರಂಭದಲ್ಲಿ ಮಾತಾಡಿದವರ ಸಂಕೇತ, ಅದರ ಮುಂದೆ ವಿವರಣ ಚಿಹ್ನೆಯ ಎರಡು ಚುಕ್ಕೆ ಇರುವಂತೆ ನೋಡಿಕೊಳ್ಳಿ: ‘ರಾಯ-ಗು-03: ನಮ್ಮ ಕಡೆ ರೊಕ್ಕ ಮೂರು ತಿಂಗಳಿಗೊಮ್ಮೆ…’ ಎಂಬಂತೆ. ಆಮೇಲೆ ‘ಆಟೊ ಕೋಡ್’ ವಿಜಾರ್ಡ್‌ನಲ್ಲಿ ಮಾತಾಡಿದವರ ಹೆಸರಿನ ಪ್ರಕಾರ ಎಂಬ ಆಯ್ಕೆ ಹಿಡಿದರೆ ಪ್ರತಿಯೊಬ್ಬರ ಮಾತನ್ನೂ ಆಯಾ ಕೇಸ್‌ಗೆ ಹಂಚುತ್ತದೆ. ಕನ್ನಡ ಸಂಕೇತಗಳನ್ನು ಬಳಸುವವರು ಒಂದು ಪುಟದ ಪರೀಕ್ಷಾ ಫೈಲಿನ ಮೇಲೆ ಮೊದಲು ನಡೆಸಿ ನೋಡುವುದು ಕ್ಷೇಮ. ಗುಂಪು ಚರ್ಚೆಯಲ್ಲಿ ಯಾರ ದನಿ ಯಾವುದೆಂದು ಕೆಲವೆಡೆ ತಿಳಿಯುವುದೇ ಇಲ್ಲ. ಅಂಥ ಮಾತನ್ನು ಊಹಿಸಿ ಒಬ್ಬರ ಹೆಸರಿಗೆ ಹಚ್ಚಬೇಡಿ. ‘ರಾಯ-ಗು-ಅನಾಮಿಕ’ ಎಂಬ ಕೇಸ್ ಮಾಡಿಕೊಳ್ಳಿ.

ಹಂತ 5: ಕ್ಲಾಸಿಫಿಕೇಶನ್ ಹುಟ್ಟಿಸಿ, ಶೀಟ್ ಒಳಗೆ ತನ್ನಿ

ಎಡಗಡೆಯ ಪಟ್ಟಿಯಲ್ಲಿ ‘ಕೇಸಸ್’ ಕೆಳಗೆ ‘ಕೇಸ್ ಕ್ಲಾಸಿಫಿಕೇಶನ್ಸ್’ ಇದೆ. ಅದನ್ನು ತೆರೆದು, ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ‘ನ್ಯೂ ಕ್ಲಾಸಿಫಿಕೇಶನ್’ ಒತ್ತಿ. ಹೊಸದು ಮಾಡುತ್ತೀರೋ, ಮೊದಲೇ ಸಿದ್ಧವಿರುವ ‘ಪರ್ಸನ್’, ‘ಆರ್ಗನೈಸೇಶನ್’ ಬಳಸುತ್ತೀರೋ ಎಂದು ಕೇಳುತ್ತದೆ. ಹೊಸದನ್ನೇ ಆರಿಸಿ, ಎಕ್ಸೆಲ್‌ನ ಮೊದಲ ಚೌಕದಲ್ಲಿ ಬರೆದ ‘ಆಶಾ ಕಾರ್ಯಕರ್ತೆ’ ಎಂಬ ಹೆಸರನ್ನೇ ಕೊಡಿ. ಸಿದ್ಧ ಮಾದರಿಗಳ ಆಟ್ರಿಬ್ಯೂಟ್‌ಗಳು ಎಲ್ಲೋ ಕುಳಿತವರು ಯಾರಿಗೋ ಮಾಡಿದಂಥವು, ನಿಮ್ಮ ಪ್ರಶ್ನೆಗೆ ಹೊಂದುವುದಿಲ್ಲ.

ಕೈಯಾರೆ ಆಟ್ರಿಬ್ಯೂಟ್ ಸೇರಿಸುವುದಾದರೆ ಕ್ಲಾಸಿಫಿಕೇಶನ್ ಮೇಲೆ ರೈಟ್ ಕ್ಲಿಕ್, ‘ನ್ಯೂ ಆಟ್ರಿಬ್ಯೂಟ್’. ಹೆಸರು, ವಿವರಣೆ, ಬಗೆ ಕೇಳುತ್ತದೆ. ಬಗೆಗಳಲ್ಲಿ ಟೆಕ್ಸ್ಟ್, ಪೂರ್ಣಾಂಕ, ದಶಮಾಂಶ, ದಿನಾಂಕ, ಹೌದು/ಅಲ್ಲ ಮುಂತಾದವು ಇವೆ. ಗುಂಪು ಮಾಡಿದ ವ್ಯಾಲ್ಯೂಗಳಿಗೆಲ್ಲ ‘ಟೆಕ್ಸ್ಟ್’ ಸಾಕು. ‘ವ್ಯಾಲ್ಯೂಸ್’ ಟ್ಯಾಬ್‌ನಲ್ಲಿ ‘ಹೇಳಲಿಲ್ಲ’, ‘ತಿಳಿಯದು’ ಸೇರಿಸುವುದನ್ನು ಮರೆಯಬೇಡಿ.

ಎಕ್ಸೆಲ್‌ನಿಂದ ತರುವುದಾದರೆ ಮೊದಲು ಪ್ರಾಜೆಕ್ಟಿನ ಒಂದು ನಕಲು ಉಳಿಸಿ. ಎಕ್ಸೆಲ್ ಕಡತವನ್ನು ಮುಚ್ಚಿ. ‘ಇಂಪೋರ್ಟ್’ ಟ್ಯಾಬ್‌ನಲ್ಲಿ ಕ್ಲಾಸಿಫಿಕೇಶನ್ ಶೀಟ್ ತರುವ ಬಟನ್ ಒತ್ತಿ ಕಡತ ತೋರಿಸಿ. ವಿಜಾರ್ಡ್ ಕೇಳುವ ಪ್ರಶ್ನೆಗಳಲ್ಲಿ ಯೋಚಿಸಿ ಉತ್ತರಿಸಬೇಕಾದವು ಮೂರು. ಇಲ್ಲದ ಆಟ್ರಿಬ್ಯೂಟ್‌ಗಳನ್ನು ಹೊಸದಾಗಿ ಮಾಡಬೇಕೇ ಎಂದಾಗ ಹೌದು ಎನ್ನಿ. ಈಗಾಗಲೇ ಇರುವ ವ್ಯಾಲ್ಯೂಗಳನ್ನು ಬದಲಿಸಬೇಕೇ ಎಂದಾಗ, ಮೊದಲ ಸಲ ಹೇಗಿದ್ದರೂ ನಡೆಯುತ್ತದೆ. ತಿದ್ದಿದ ಶೀಟನ್ನು ಮತ್ತೆ ತರುವಾಗ ಟಿಕ್ ಹಾಕದಿದ್ದರೆ ಹಳೆಯದೇ ಉಳಿಯುತ್ತದೆ. ಇಲ್ಲದ ಕೇಸ್‌ಗಳನ್ನು ಹೊಸದಾಗಿ ಮಾಡಬೇಕೇ ಎಂದಾಗ ಬೇಡ ಎನ್ನುವುದು ಮೇಲು. ಹೌದು ಎಂದರೆ ಹೆಸರು ಒಂದಕ್ಷರ ತಪ್ಪಿದ ಸಾಲಿಗೆ ಹೊಸ, ಬರಿದಾದ ಕೇಸ್ ಹುಟ್ಟುತ್ತದೆ, ನಿಜವಾದ ಕೇಸ್ ವಿವರವಿಲ್ಲದೆ ಉಳಿಯುತ್ತದೆ. ಕೇಸ್‌ಗಳು ಎಲ್ಲಿವೆ ಎಂದು ಕೇಳಿದಾಗ ನೀವು ಹಿಂದೆ ತೋರಿಸಿದ ಅದೇ ಫೋಲ್ಡರ್ ತೋರಿಸಿ.

ಹಂತ 6: ತಾಳೆ ನೋಡುವುದು

ಈ ಹಂತವನ್ನು ಬಿಟ್ಟು ಮುಂದಕ್ಕೆ ಹೋದವರೇ ಆಮೇಲೆ ‘ಕ್ವೆರಿ ಸೊನ್ನೆ ತೋರಿಸುತ್ತಿದೆ’ ಎಂದು ತಲೆ ಕೆಡಿಸಿಕೊಳ್ಳುವುದು. ‘ಕೇಸಸ್’ ಪಟ್ಟಿ ತೆರೆದು ‘ಫೈಲ್ಸ್’ ಮತ್ತು ‘ರೆಫರೆನ್ಸಸ್’ ಕಾಲಂ ನೋಡಿ. ಯಾವುದಾದರೂ ಕೇಸ್ ಮುಂದೆ ಸೊನ್ನೆ ಇದ್ದರೆ ಅದಕ್ಕೆ ವಿವರ ಇದೆ, ಮಾತು ಇಲ್ಲ. ವ್ಯಕ್ತಿಯ ಹೆಸರಿನಲ್ಲಿ ಎಷ್ಟೇ ಆಟ್ರಿಬ್ಯೂಟ್ ತುಂಬಿದರೂ ಆಕೆಯ ಮಾತು ಆ ಕೇಸ್‌ಗೆ ಕೋಡ್ ಆಗದ ಹೊರತು ಯಾವ ಹೋಲಿಕೆಯಲ್ಲೂ ಆಕೆ ಕಾಣಿಸಿಕೊಳ್ಳುವುದಿಲ್ಲ.

ಆಮೇಲೆ ಕ್ಲಾಸಿಫಿಕೇಶನ್ ಮೇಲೆ ರೈಟ್ ಕ್ಲಿಕ್ ಮಾಡಿ ಶೀಟ್ ತೆರೆಯಿರಿ. ನಮ್ಮ ಅಧ್ಯಯನದಲ್ಲಿ 24 ಸಾಲು, ಜೊತೆಗೆ ಗುಂಪು ಚರ್ಚೆಯವರು ಇರಬೇಕು. ಒಂದೊಂದು ಕಾಲಂ ತಲೆಯನ್ನೂ ಒತ್ತಿ ವಿಂಗಡಿಸಿ. ‘ಉಡುಪಿ’ ಎರಡು ಕಡೆ ಗುಂಪಾಗಿ ಬಂದರೆ ಅಡಗಿದ ಅಕ್ಷರ ಇದೆ ಎಂದರ್ಥ. ‘ಅನ್‌ಅಸೈನ್ಡ್’ ಎಂದಿರುವ ಪ್ರತಿ ಚೌಕಕ್ಕೂ ಕಾರಣ ನಿಮಗೆ ಗೊತ್ತಿರಬೇಕು. ಯಾದೃಚ್ಛಿಕವಾಗಿ ಮೂರು ಕೇಸ್ ಆರಿಸಿ, ಒಪ್ಪಿಗೆ ಪತ್ರದ ಜೊತೆಗೆ ತುಂಬಿಸಿಕೊಂಡ ಮೂಲ ಹಾಳೆಯೊಂದಿಗೆ ಹೋಲಿಸಿ ನೋಡಿ.

ಹಂತ 7: ಪ್ರಶ್ನೆ ಕೇಳುವುದು

‘ಎಕ್ಸ್‌ಪ್ಲೋರ್’ ಟ್ಯಾಬ್‌ನ ಕ್ವೆರಿಗಳಲ್ಲಿ ‘ಕ್ರಾಸ್‌ಟ್ಯಾಬ್’ ತೆರೆಯಿರಿ. ಒಂದು ಕಡೆ ಕೋಡ್‌ಗಳನ್ನು ಎಳೆದು ಹಾಕಿ, ಇನ್ನೊಂದು ಕಡೆ ‘ಆಶಾ ಕಾರ್ಯಕರ್ತೆ’ ಕ್ಲಾಸಿಫಿಕೇಶನ್ ಮತ್ತು ಅದರ ‘ಸೇವೆ’ ಆಟ್ರಿಬ್ಯೂಟ್ ಆರಿಸಿ. ಜಿಲ್ಲೆಯನ್ನೂ ಎರಡನೇ ಆಟ್ರಿಬ್ಯೂಟ್ ಆಗಿ ಸೇರಿಸಬಹುದು. ನಡೆಸಿದರೆ ಕೋಷ್ಟಕ ಬರುತ್ತದೆ.

ಚೌಕದಲ್ಲಿ ಕಾಣುವ ಅಂಕಿ ಏನನ್ನು ಎಣಿಸಿದ್ದು ಎಂದು ಮೊದಲು ನೋಡಿ. ಮಾತಿನ ತುಣುಕುಗಳ ಎಣಿಕೆಯಾದರೆ, ಒಬ್ಬಾಕೆಯೇ ಪ್ರೋತ್ಸಾಹಧನದ ಬಗ್ಗೆ ಮತ್ತೆ ಮತ್ತೆ ಹೇಳಿದ್ದರೂ ಆ ಕಾಲಂ ಉಬ್ಬಿ ಕಾಣುತ್ತದೆ. ಎಷ್ಟು ಕೇಸ್‌ಗಳು ಎಂದು ತೋರಿಸುವಂತೆ ಬದಲಿಸಿ ಹೋಲಿಸಿ. ಹೊಸಬರು 8, ಹಳಬರು 16 ಇದ್ದರೆ 4 ಮತ್ತು 6 ಎಂಬ ಅಂಕಿಗಳು ಹೇಳುವ ಕಥೆಯೇ ಬೇರೆ: ಹೊಸಬರಲ್ಲಿ ಅರ್ಧ ಜನ, ಹಳಬರಲ್ಲಿ ಅರ್ಧಕ್ಕಿಂತ ಕಡಿಮೆ. ಹಾಗೆಂದು ‘50% ಆಶಾ ಕಾರ್ಯಕರ್ತೆಯರು’ ಎಂದು ಪ್ರಬಂಧದಲ್ಲಿ ಬರೆಯುವುದು ಸಲ್ಲದು. ಇವರನ್ನು ನೀವು ಉದ್ದೇಶಪೂರ್ವಕವಾಗಿ ಆರಿಸಿದ್ದೀರಿ, ರಾಜ್ಯದ ಪರವಾಗಿ ಲೆಕ್ಕ ಹೇಳುವ ಮಾದರಿ ಇದಲ್ಲ.

ಕೋಷ್ಟಕದ ನಿಜವಾದ ಉಪಯೋಗ ಚೌಕದ ಮೇಲೆ ಎರಡು ಸಲ ಒತ್ತಿದಾಗ ಸಿಗುತ್ತದೆ. ರಾಯಚೂರಿನ ಹಳಬರು ‘ಮೊಬೈಲ್ ದಾಖಲೆಯ ಹೊರೆ’ ಬಗ್ಗೆ ಆಡಿದ ಮಾತುಗಳಷ್ಟೇ ಸಾಲಾಗಿ ತೆರೆದುಕೊಳ್ಳುತ್ತವೆ. ಪಕ್ಕದ ಚೌಕ ಒತ್ತಿದರೆ ಉಡುಪಿಯ ಹಳಬರದು. ಇವನ್ನು ಅಕ್ಕಪಕ್ಕ ಇಟ್ಟು ಓದಬೇಕು. ಎರಡೂ ಕಡೆ ಅಂಕಿ ಒಂದೇ ಇದ್ದು, ಒಂದು ಕಡೆ ‘ಮಗನೇ ತುಂಬಿ ಕೊಡ್ತಾನೆ’ ಎಂಬ ನಿರಾಳವೂ ಇನ್ನೊಂದು ಕಡೆ ‘ನೆಟ್‌ವರ್ಕ್ ಸಿಗಂಗಿಲ್ರಿ, ಗುಡ್ಡ ಹತ್ತಬೇಕು’ ಎಂಬ ದಣಿವೂ ಇರಬಹುದು. ಖಾಲಿ ಚೌಕಗಳನ್ನೂ ಬಿಡಬೇಡಿ: ಹೊಸಬರು ಯಾರೂ ಹೇಳದ ಸಂಗತಿ ಅವರಿಗೆ ಇಲ್ಲವೋ, ನೀವು ಕೇಳಲಿಲ್ಲವೋ ಎಂದು ಪ್ರಶ್ನಾವಳಿಗೆ ಹಿಂದಿರುಗಿ ನೋಡಿ.

ಪರವಾನಗಿ ಇಲ್ಲದವರಿಗೆ

ಎನ್‌ವಿವೊ ದುಬಾರಿ, ಎಲ್ಲ ಕಾಲೇಜುಗಳಲ್ಲೂ ಇಲ್ಲ. ಕ್ವಾಲ್‌ಕೋಡರ್ ಎಂಬ ಉಚಿತ, ಮುಕ್ತ ತಂತ್ರಾಂಶದಲ್ಲಿ ಕೇಸ್ ಮತ್ತು ಆಟ್ರಿಬ್ಯೂಟ್ ಎರಡೂ ಇವೆ. ಆಟ್ರಿಬ್ಯೂಟ್‌ನ ಬಗೆ ಅಕ್ಷರ ಅಥವಾ ಅಂಕಿ, ಎರಡೇ. ಕೇಸ್‌ಗೆ ಇಡೀ ಫೈಲನ್ನಾಗಲಿ ಅದರ ಒಂದು ತುಣುಕನ್ನಾಗಲಿ ಜೋಡಿಸಬಹುದು. ಮ್ಯಾಕ್ಸ್‌ಕ್ಯೂಡಿಎ ಬಳಸುವವರು ಇದೇ ಕೆಲಸಕ್ಕೆ ‘ಡಾಕ್ಯುಮೆಂಟ್ ವೇರಿಯಬಲ್’ ಹುಡುಕಬೇಕು, ಅಟ್ಲಾಸ್ ಟಿಐ ಬಳಸುವವರು ‘ಡಾಕ್ಯುಮೆಂಟ್ ಗ್ರೂಪ್’. ಹಂತ 1ರಿಂದ 3ರವರೆಗಿನ ಕೆಲಸ ಯಾವ ತಂತ್ರಾಂಶಕ್ಕೂ ಹಾಗೆಯೇ ಸಲ್ಲುತ್ತದೆ. ಎಕ್ಸೆಲ್ ಶೀಟ್ ಅಚ್ಚುಕಟ್ಟಾಗಿದ್ದರೆ ನಡುವೆ ತಂತ್ರಾಂಶ ಬದಲಿಸಬೇಕಾಗಿ ಬಂದರೂ ಆ ಶೀಟು ನಿಮ್ಮ ಕೈಯಲ್ಲೇ ಇರುತ್ತದೆ.